ಅಡಿಕೆ ಧಾರಣೆ ಪುಟ ತೆರೆಯದೆ ಹೋದಾಗ

ಬದಿಯಡ್ಕದ ಅಡಿಕೆ ಬೆಳೆಗಾರರಿಗಾಗಿ ನಾನೊಂದು ಧಾರಣೆ ಪುಟ ನಡೆಸುತ್ತೇನೆ. ಪಿಎಚ್‌ಪಿ ಸ್ಕ್ರಿಪ್ಟ್ (ಸರ್ವರಿನಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಬೇರೊಂದು ಸರ್ವರಿನಿಂದ ದರದ ಫೈಲ್ ಓದಿ ತೋರಿಸುತ್ತದೆ. ಕಳೆದ ವಾರ ಪುಟ ಸುಮ್ನೆ ಸುತ್ತುತ್ತಲೇ ಇತ್ತು, ನಿಮಿಷದ ನಂತರ ಬಿಳಿ ಪರದೆಯಲ್ಲಿ '504', ಅಂದರೆ ಸಮಯಕ್ಕೆ ಉತ್ತರ ಬರಲಿಲ್ಲ ಎಂಬ ದೋಷ. ಮಾವ ಫೋನ್ ಮಾಡಿ, "ಇವತ್ತು ಚಾಲಿಗೆ ಎಷ್ಟು ಮಾರಾಯಾ?" ಎಂದು ಒಣಗಿಸಿದ ಬಿಳಿ ಅಡಿಕೆಯ ದರ ಕೇಳಿದಾಗ ತುಂಬಾ ಬೇಸರವಾಯಿತು.

ಮೊದಲು ಸ್ಕ್ರಿಪ್ಟ್ ಎಷ್ಟು ಹೊತ್ತು ಓಡಬಹುದೆಂಬ ಮಿತಿಯಾದ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮನ್ನು 30 ಸೆಕೆಂಡಿನಿಂದ 300ಕ್ಕೆ ಏರಿಸಿದೆ. ಏನೂ ಆಗಲಿಲ್ಲ. ಲಿನಕ್ಸಿನಲ್ಲಿ ನೆಟ್‌ವರ್ಕಿಗಾಗಿ ಕಾಯುವ ಹೊತ್ತು ಆ ಲೆಕ್ಕಕ್ಕೆ ಸೇರುವುದೇ ಇಲ್ಲ! ಅದಕ್ಕೆ ಡಿಫಾಲ್ಟ್ ಸಾಕೆಟ್ ಟೈಮ್‌ಔಟ್ ಅಂತ ಬೇರೆಯೇ ಮಿತಿ ಇದೆ, 60 ಸೆಕೆಂಡ್. ಪುಟವನ್ನು ಓದುಗರಿಗೆ ಕೊಡುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಕಾಯುವುದೂ ಅಷ್ಟೇ ಹೊತ್ತು, ಅಲ್ವಾ? ಅದಕ್ಕೇ 504. ಫೈಲ್ ಓದುವಾಗ ಕೊಡುವ ಆಯ್ಕೆಗಳಾದ ಸ್ಟ್ರೀಮ್ ಕಾಂಟೆಕ್ಸ್ಟ್‌ನಲ್ಲಿ ಟೈಮ್‌ಔಟ್ 5 ಸೆಕೆಂಡ್ ಎಂದು ಬರೆದೆ. ಜೊತೆಗೆ, ಈಗ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಪ್ರೋಗ್ರಾಂ) 15 ನಿಮಿಷಕ್ಕೊಮ್ಮೆ ಫೈಲನ್ನು ನಮ್ಮ ಸರ್ವರಿಗೇ ಇಳಿಸಿಡುತ್ತದೆ. ಪುಟ ಅದನ್ನೇ ಓದುತ್ತದೆ. ಹೊಸದು ಸಿಗದಿದ್ದರೆ ಹಿಂದಿನ ದರವೇ ಸಮಯದ ಸಮೇತ ಕಾಣುತ್ತದೆ.