ಹಡಗಿನ ಫಾರ್ಮಲ್ ನೈಟಿಗೆ ಪಂಚೆ ಹೊಲಿದ ನನ್ನ ಅನುಭವ

ಕಳೆದ ವರ್ಷ ಜೂನ್ ಕೊನೆಯಲ್ಲಿ, ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ, ಕಾಸರಗೋಡು ಜಿಲ್ಲೆಯ ಕುಂಬಳೆಯ ನನ್ನ ಟೈಲರ್ ಅಂಗಡಿಯ ಶಟರ್ ಎತ್ತುವ ಮೊದಲೇ ಫೋನಿಗೆ ಒಂದು ಫೋಟೋ ಬಂದಿತ್ತು. ನೀರ್ಚಾಲು ಕಡೆಯ ಅಡಿಕೆ ಕೃಷಿಕರು, 72 ವರ್ಷ. ಅಂದು ಪ್ರವಾಸಿ ಹಡಗಿನಲ್ಲಿ ಫಾರ್ಮಲ್ ನೈಟ್, ಅಂದರೆ ಔಪಚಾರಿಕ ಉಡುಪಿನಲ್ಲೇ ಊಟಕ್ಕೆ ಬರಬೇಕಾದ ರಾತ್ರಿ. ಹಿಂದೆ ಹಡಗಿನ ಅಗಲವಾದ ಮೆಟ್ಟಿಲು, ಸುತ್ತ ಕಪ್ಪು ಸೂಟು, ಬೋ ಟೈ ಹಾಕಿದ ಬಿಳಿಯರು. ಇವರ ಮೈಮೇಲೆ ನಾನು ಹೊಲಿದ ಕಪ್ಪು ಬಂದ್‌ಗಲಾ, ಅಂದರೆ ಕೊರಳು ಮುಚ್ಚುವ ಕೋಟು, ಅದರ ಕೆಳಗೆ ನಾನೇ ಹೊಲಿದ ಬಿಳಿ ಪಂಚೆ. ಪಕ್ಕದಲ್ಲಿ ಕಾಸರಗೋಡು ಸೀರೆಯುಟ್ಟ ಅವರ ಮನೆಯವರು. ಫೋಟೋದ ಕೆಳಗೆ ಅವರ ಮಗಳು ಬರೆದಿದ್ದಳು: "ತಡೆಯಲಿಲ್ಲ. ಕುರ್ಚಿ ಎಳೆದು ಕೂರಿಸಿದರು."

ಆ ಎರಡು ಮಾತು ಓದಲಿಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಕಳೆದುಕೊಂಡ ದುಡ್ಡು ಸುಮಾರು 45 ಸಾವಿರ ಇರಬಹುದು, ಹಾಳಾದ ಬಟ್ಟೆ, ವಾಪಸು ಕೊಟ್ಟ ಮಜೂರಿ ಎಲ್ಲ ಸೇರಿ. ಉಪ್ಪಳದಿಂದ ಕಾಸರಗೋಡಿನವರೆಗೆ ನನ್ನ ಜೊತೆ ಕೆಲಸ ಕಲಿತ ಟೈಲರುಗಳೆಲ್ಲ ಒಂದೇ ಮಾತು ಹೇಳಿದ್ದರು: ಪಂಚೆಗೆ ಹಡಗಿನ ಊಟದ ಹಾಲಿನ ಬಾಗಿಲು ತೆರೆಯುವುದಿಲ್ಲ, ಸೂಟು ಹೊಲಿದು ದುಡ್ಡು ಮಾಡು. ಅವರು ತೋರಿಸುತ್ತಿದ್ದ ಉದಾಹರಣೆ 2014ರದ್ದು. ಚೆನ್ನೈಯ ಒಂದು ಕ್ಲಬ್ಬಿನಲ್ಲಿ ವೇಷ್ಟಿ, ಅಂದರೆ ತಮಿಳರ ಪಂಚೆ, ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ಬಾಗಿಲಲ್ಲಿ ತಡೆದರು, ಹಾಗೆ ತಡೆಯಬಾರದು ಅಂತ ತಮಿಳುನಾಡು ಸರ್ಕಾರ ಅದೇ ವರ್ಷ ಕಾಯ್ದೆ ತರಬೇಕಾಯಿತು. ನಮ್ಮ ನೆಲದಲ್ಲೇ ಹಾಗಾದರೆ ಪರದೇಶದ ಹಡಗಿನಲ್ಲಿ ಕೇಳುವವರು ಯಾರು ಅಂತ. ಮಾತು ಸುಳ್ಳಲ್ಲ. ಆ ಕಾಯ್ದೆ ದಡದಲ್ಲೇ ಮುಗಿಯುತ್ತದೆ, ಹಡಗಿನ ಊಟದ ಹಾಲಿನಲ್ಲಿ ಕಂಪೆನಿಯ ನಿಯಮವೇ ನಿಯಮ.

ಹಾಗಾದರೆ ಆ ನಿಯಮ ನಿಜವಾಗಿ ಏನು ಕೇಳುತ್ತದೆ ಅಂತ ಮೊದಲು ತಿಳಿಯಬೇಕು ಅನ್ನಿಸಿತು. ಕೋಟಿಕುಳಂ ಕಡೆ ಹಡಗಿನಲ್ಲಿ ದುಡಿಯುವವರು ಎಷ್ಟು ಮಂದಿ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿಯ ಒಬ್ಬ ಗೆಳೆಯ ಹನ್ನೊಂದು ವರ್ಷ ಹಡಗಿನ ಊಟದ ಹಾಲಿನಲ್ಲಿ ಬಡಿಸಿದವ. ಅವ ಹೇಳಿದ್ದೇ ನನಗೆ ಪಾಠ. 7 ರಾತ್ರಿಯ ಯಾನದಲ್ಲಿ ಸಾಮಾನ್ಯವಾಗಿ 2 ಫಾರ್ಮಲ್ ನೈಟ್, 3-4 ರಾತ್ರಿಯದ್ದಾದರೆ ಒಂದೇ. ಹೆಚ್ಚಾಗಿ ಹಡಗು ಯಾವ ಬಂದರಿಗೂ ಹೋಗದೆ ಸಮುದ್ರದಲ್ಲೇ ಇರುವ ದಿನ ಇಡುತ್ತಾರೆ, ಜನಕ್ಕೆ ಅಲಂಕಾರ ಮಾಡಿಕೊಳ್ಳಲು ಪುರುಸೊತ್ತು ಸಿಗಲಿ ಅಂತ. ನಿಯಮದ ಬಿಸಿ ಮುಟ್ಟುವುದು ದೊಡ್ಡ ಡೈನಿಂಗ್ ಹಾಲಿನ ಬಾಗಿಲಲ್ಲಿ. ಬಫೆಯಲ್ಲಿ ಅಷ್ಟು ಬಿಗಿ ಇಲ್ಲ. ಕೆಲವು ಕಂಪೆನಿ ಈಗ ಪೂರ್ತಿ ಸಡಿಲ, ನಾರ್ವೇಜಿಯನ್‌ನಂಥವರು ಫಾರ್ಮಲ್ ಕಡ್ಡಾಯ ಮಾಡುವುದೇ ಇಲ್ಲ. ಕ್ಯೂನಾರ್ಡ್‌ನಂಥ ಹಳೆಯ ಮನೆತನದವರು ಮಾತ್ರ ಗಾಲಾ ಈವ್‌ನಿಂಗ್ ಅಂತ ಇನ್ನೂ ಗಟ್ಟಿಯಾಗಿ ಹಿಡಿದಿದ್ದಾರೆ. ಆದರೆ ಡಿನ್ನರ್ ಜಾಕೆಟ್, ಕಪ್ಪು ಸೂಟಿನ ಸಾಲಿನಲ್ಲೇ ಅವರು ಔಪಚಾರಿಕ ರಾಷ್ಟ್ರೀಯ ಉಡುಪನ್ನೂ ಒಪ್ಪುತ್ತಾರೆ. ಸ್ಕಾಟ್ಲೆಂಡಿನವರು ಕಿಲ್ಟ್ ಉಟ್ಟು ಬರುತ್ತಾರೆ ಅಂತ ಗೆಳೆಯ ಹೇಳಿದ ದಿನ ನನಗೆ ನಿದ್ದೆ ಬರಲಿಲ್ಲ. ಅವರ ಮಂಡಿಯವರೆಗಿನ ಬಟ್ಟೆಗೆ ಬಾಗಿಲು ತೆರೆಯುವುದಾದರೆ ನಮ್ಮ ಪಾದದವರೆಗಿನ ಪಂಚೆಗೆ ಯಾಕಿಲ್ಲ?

ಮೊದಲ ಪೆಟ್ಟು ಬಿದ್ದದ್ದು ಬಟ್ಟೆಯಿಂದಲ್ಲ, ಚಪ್ಪಲಿಯಿಂದ. ಮಂಜೇಶ್ವರದ ಒಬ್ಬರು, ಮಗ ದುಬೈಯಲ್ಲಿ, ಚಳಿಗಾಲದಲ್ಲಿ ಅಲ್ಲಿಂದ ಹೊರಡುವ ಹಡಗಿಗೆ ಟಿಕೆಟ್ ಮಾಡಿದ್ದ. ಒಳ್ಳೆಯ ಕಸೂತಿ ಅಂಚಿನ ಪಂಚೆ, ಮೇಲೆ ಕ್ರೀಮ್ ಬಣ್ಣದ ಜುಬ್ಬ ಹೊಲಿದುಕೊಟ್ಟೆ. ಅವರು ಕಾಲಿಗೆ ಹಾಕಿದ್ದು ದಿನನಿತ್ಯದ ಬೆರಳು ಕಾಣುವ ಚಪ್ಪಲಿ. ಬಾಗಿಲಲ್ಲಿ ನಿಂತ ಹುಡುಗಿ ಮೊದಲು ನೋಡಿದ್ದೇ ಕಾಲು. ಆಮೇಲೆ ಕೊರಳು. ಮರ್ಯಾದೆಯಿಂದಲೇ ಬಫೆಯ ದಾರಿ ತೋರಿಸಿದಳಂತೆ. ಮೊಮ್ಮಕ್ಕಳ ಎದುರು ಹಾಗಾದ್ದು ಅವರಿಗೆ ತುಂಬ ನೋವಾಗಿತ್ತು. ಅಂಗಡಿಗೆ ಬಂದು ಪಂಚೆ, ಜುಬ್ಬ ಎರಡೂ ಮೇಜಿನ ಮೇಲಿಟ್ಟು ಸುಮ್ಮನೆ ಕೂತರು, ಒಂದು ಮಾತೂ ಆಡಲಿಲ್ಲ. 6,500 ರೂಪಾಯಿ ಪೂರ್ತಿ ವಾಪಸು ಕೊಟ್ಟೆ. ಆ ದಿನದಿಂದ ನನ್ನ ಲೆಕ್ಕ ಇಷ್ಟು: ಬಾಗಿಲಲ್ಲಿರುವವರು ಮೂರು ಕಡೆ ನೋಡುತ್ತಾರೆ, ಕಾಲು, ಕೊರಳು, ಭುಜ. ಕಾಲು ಮುಚ್ಚಿದ ಕಪ್ಪು ಚರ್ಮದ ಮೋಜಡಿ, ಮುಚ್ಚಿದ ಕೊರಳು, ಭುಜ ಕೂರುವ ಕೋಟು. ಈ ಮೂರು ಸರಿಯಾದರೆ ನಡುವಿನ ಪಂಚೆಯನ್ನು ಅವರು ಗೌರವದಿಂದಲೇ ನೋಡುತ್ತಾರೆ.

ಅದಕ್ಕೇ ಬಂದ್‌ಗಲಾ ಹಿಡಿದೆ. ಟೈಯ ತರ್ಕವೇ ಮುಗಿಯಿತು. ಅಳತೆ ತೆಗೆಯುವುದನ್ನು ಟೈಲರುಗಳಾದ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೆ ಪಂಚೆಯ ಮೇಲೆ ಬರುವ ಬಂದ್‌ಗಲಾಕ್ಕೆ ಪ್ಯಾಂಟಿನ ಮೇಲಿನದ್ದಕ್ಕಿಂತ ಉದ್ದ ಎರಡು ಇಂಚು ಹೆಚ್ಚು ಬೇಕು, ಸೀಟಿನ ಹತ್ತಿರ ಮುಕ್ಕಾಲು ಇಂಚು ಸಡಿಲ ಬೇಕು. ಪಂಚೆಯ ಮಡಿಕೆ ಹೊಟ್ಟೆಯ ಕೆಳಗೆ ಉಬ್ಬುತ್ತದೆ, ಕೂತಾಗ ಕೊನೆಯ ಗುಂಡಿ ಎಳೆಯುತ್ತದೆ. ಪಕ್ಕದ ಸೀಳು ಬೇಡವೇ ಬೇಡ, ಮಡಿಕೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಒಂದೇ ಸೀಳು ಸಾಕು.

ಎರಡನೆಯ ಪೆಟ್ಟು ಫ್ಯೂಸಿಂಗಿನದ್ದು, ಅಂದರೆ ಕೋಟು ಗಟ್ಟಿಯಾಗಿ ನಿಲ್ಲಲು ಒಳಗೆ ಅಂಟಿಸುವ ಪದರದ್ದು. ಇದರಲ್ಲೇ ನನ್ನ ದುಡ್ಡು ಹೆಚ್ಚು ಹೋದದ್ದು. ಹಡಗಿನ ಕ್ಯಾಬಿನ್ನಿನಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳಲು ಬಿಡುವುದಿಲ್ಲ, ಬೆಂಕಿಯ ಭಯ. ಕೈಯಲ್ಲಿ ಹಿಡಿಯುವ ಸ್ಟೀಮರನ್ನೂ ಹತ್ತುವಾಗಲೇ ತೆಗೆದಿಡುತ್ತಾರೆ. ಕೆಲವು ಹಡಗುಗಳಲ್ಲಿ ಪ್ರಯಾಣಿಕರಿಗೆ ಲಾಂಡ್ರಿ ಕೋಣೆ ಉಂಟು, ಫಾರ್ಮಲ್ ನೈಟಿನ ಸಂಜೆ ಅಲ್ಲಿ ಸಾಲು. ಹಾಗಾಗಿ ಜನ ಏನು ಮಾಡುತ್ತಾರೆಂದರೆ, ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು ಆ ಹಬೆಯಲ್ಲಿ ಕೋಟು ನೇತು ಹಾಕುತ್ತಾರೆ. ನಾನು ಹೊಲಿದ ಎರಡು ಕೋಟುಗಳ ಎದೆಯ ಮೇಲೆ ಆ ಹಬೆಗೆ ಗುಳ್ಳೆ ಎದ್ದಿತು, ದೋಸೆಯ ಮೇಲೆ ಏಳುವ ಹಾಗೆ. ಅಗ್ಗದ ಫ್ಯೂಸಿಂಗಿನ ಅಂಟು ಹಬೆಗೂ ಬಿಸಿಗೂ ಬಿಟ್ಟುಕೊಂಡಿತು. ನಮ್ಮೂರಿನ ಮಳೆಗಾಲದ ಆಟಿ ತಿಂಗಳ ತೇವದಲ್ಲಿ ಬೀರುವಿನೊಳಗೇ ಹಾಗಾಗುವುದನ್ನು ನಾವೆಲ್ಲ ನೋಡಿದ್ದೇವೆ, ಆದರೂ ನನಗೆ ಮೊದಲೇ ಹೊಳೆಯಲಿಲ್ಲ. ಎರಡು ಕೋಟಿನ ಬಟ್ಟೆ, ಮಜೂರಿ ಸೇರಿ 14 ಸಾವಿರದ ಹತ್ತಿರ ಹೋಯಿತು. ಆಮೇಲೆ ಫ್ಯೂಸಿಂಗ್ ಕೈಬಿಟ್ಟು ಹಳೆಯ ಪದ್ಧತಿಯ ಅಂಟಿಲ್ಲದ ಕ್ಯಾನ್ವಾಸ್ ಹಿಡಿದೆ, ಎದೆಗೂ ಕಾಲರಿಗೂ ಕೈಹೊಲಿಗೆಯಲ್ಲೇ ಕೂರಿಸುತ್ತೇನೆ. ಒಂದು ಕೋಟಿಗೆ ಒಂದೂವರೆ ದಿನ ಹೆಚ್ಚು ಕೆಲಸ. ಆದರೆ ಈಗ ಕೊಡುವಾಗಲೇ ಧೈರ್ಯವಾಗಿ ಹೇಳುತ್ತೇನೆ: ಬಾತ್‌ರೂಮಿನ ಹಬೆಯಲ್ಲಿ ಅರ್ಧ ಗಂಟೆ ನೇತು ಹಾಕಿ, ಏನೂ ಆಗುವುದಿಲ್ಲ.

ಇನ್ನು ಪಂಚೆ. ಎಂಟು ಮೊಳದ ಕೋರಾ ಬಿಳಿ ಹತ್ತಿ, ಎರಡು ಬೆರಳಿನ ಕಸೂತಿ ಅಂಚು. ಹಾಗೇ ಉಟ್ಟರೆ ಹಡಗಿನ ಮೆಟ್ಟಿಲಲ್ಲಿ ಆಗುವುದಿಲ್ಲ, ಊಟದ ಮೂರು ತಾಸಿನಲ್ಲಿ ಸೊಂಟ ಸಡಿಲವಾಗುತ್ತದೆ. ನನ್ನ ಸೋದರಮಾವ ಯಕ್ಷಗಾನ ಮೇಳದಲ್ಲಿ ವೇಷ ಕಟ್ಟುತ್ತಿದ್ದವರು. ಚಿಕ್ಕಂದಿನಲ್ಲಿ ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ, ಮೂಲೆಯಲ್ಲಿ ಕೂತು ನೋಡಿದ್ದೇನೆ, ಬೆಳಗಿನವರೆಗೆ ಕುಣಿದರೂ ಕಟ್ಟು ಜಾರುವುದಿಲ್ಲ. ಎಲ್ಲಿ ಬಿಗಿ, ಎಲ್ಲಿ ಸಡಿಲು ಅನ್ನುವುದೇ ಅದರ ಗುಟ್ಟು. ಅದನ್ನೇ ಪಂಚೆಯ ಸೊಂಟಕ್ಕೆ ಹೊಲಿಯುವ ಬೆಲ್ಟಿಗೆ ತಂದೆ. ಮೊದಲು ವೆಲ್‌ಕ್ರೋ ಹಾಕಿದ್ದೆ, ಉಪ್ಪಳದ ಒಬ್ಬರು ಉಂಡು ಸ್ವಲ್ಪ ಸಡಿಲ ಮಾಡಲು ಹೋದಾಗ ಇಡೀ ಟೇಬಲ್ಲಿಗೆ ಪರ್ ಅಂತ ಕೇಳಿತಂತೆ. ಈಗ ಪ್ಯಾಂಟಿನ ಕೊಕ್ಕೆ, ಎರಡು ಸಾಲು. ಒಳಗೆ ತೆಳು ಲೈನಿಂಗಿನ ಚಡ್ಡಿಯಂಥ ಪದರ, ಅದಕ್ಕೆ ಬಲಕ್ಕೊಂದು ಜೇಬು. ಹಡಗಿನಲ್ಲಿ ಕ್ಯಾಬಿನ್ನಿನ ಬೀಗ, ಖರ್ಚಿನ ಲೆಕ್ಕ ಎಲ್ಲ ಒಂದೇ ಕಾರ್ಡು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಳೆದುಕೊಂಡವರಿದ್ದಾರೆ.

ಗಂಜಿಯ ಪ್ರಯೋಗದಲ್ಲಿ ಒಂದು ಮಳೆಗಾಲ ಕಳೆದೆ. ಮನೆಯ ಕುಚ್ಚಲಕ್ಕಿ ಗಂಜಿ ಹಾಕಿದೆ, ಬಿಳಿ ಬಟ್ಟೆಗೆ ಕೆಂಪು ಛಾಯೆ ಬಂತು, ಮುಚ್ಚಿದ ಸೂಟ್‌ಕೇಸಿನಲ್ಲಿ ಮೂರನೆಯ ದಿನಕ್ಕೆ ಹುಳಿ ವಾಸನೆ. ಬೆಳ್ತಿಗೆ ಅಕ್ಕಿಯದ್ದು ಪರವಾಗಿಲ್ಲ, ಆದರೆ ದಪ್ಪ ಹಾಕಿದರೆ ಮಡಚಿದ ಗೆರೆ ಕತ್ತಿಯಂತೆ ಕೂರುತ್ತದೆ, ಹಬೆಗೂ ಹೋಗುವುದಿಲ್ಲ. ಮರಗೆಣಸಿನ ಹಿಟ್ಟು ಕಾಯಿಸಿ, ನೀರಾಗಿ, ಸೋಸಿ ಹಾಕಿದ್ದು ಗೆದ್ದಿತು. ಒಂದು ಬಕೆಟ್ ನೀರಿಗೆ ದೊಡ್ಡ ಚಮಚದಲ್ಲಿ ಎರಡು ಇರಬೇಕು, ಕೈಯ ಅಂದಾಜು. ಅರ್ಧ ಒಣಗಿದಾಗಲೇ ಗೆರಟೆ ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಒತ್ತಬೇಕು. ಅದರ ಭಾರಕ್ಕೆ ಬರುವ ಹೊಳಪು ಕರೆಂಟಿನದ್ದಕ್ಕೆ ನನ್ನ ಅಂಗಡಿಯಲ್ಲಿ ಒಮ್ಮೆಯೂ ಬಂದಿಲ್ಲ. ಮತ್ತೆ ಮಡಚಬೇಡಿ. ಜವಳಿ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಬಿಟ್ಟಿ ಸಿಗುತ್ತದೆ, ಹದಿನೆಂಟು ಇಂಚಿಗೆ ಕೊಯ್ದು, ನೆರಿಗೆಗೆ ಕಚ್ಚು, ಅಂದರೆ ತಾತ್ಕಾಲಿಕ ಹೊಲಿಗೆ, ಹಾಕಿ, ಅದಕ್ಕೆ ಸುತ್ತಿ ಕೊಡುತ್ತೇನೆ. ಕ್ಯಾಬಿನ್ನಿನಲ್ಲಿ ಬಿಚ್ಚಿ ಕಚ್ಚು ಎಳೆದರೆ ಆಯಿತು, ಉಡಲು ಎರಡು ನಿಮಿಷ.

ಎಲ್ಲ ಸರಿ ಅಂದುಕೊಂಡ ಮೇಲೆ ಗಾಳಿ ನೆನಪಾಯಿತು. ಊಟ ಮುಗಿಸಿ ಡೆಕ್ಕಿಗೆ ಹೋಗದವರಿಲ್ಲ, ಅಲ್ಲಿಯ ಗಾಳಿಗೆ ಪಂಚೆ ನಿಲ್ಲುತ್ತದೆಯೆ? ನಾನೇ ಉಟ್ಟುಕೊಂಡು ಸಂಜೆ ಕೊಯಿಪ್ಪಾಡಿ ಕಡಪ್ಪುರಕ್ಕೆ, ಕಡಲ ತೀರಕ್ಕೆ, ಹೋಗಿ ನಿಂತೆ. ನಿಲ್ಲಲಿಲ್ಲ. ಅಲ್ಲೇ ಬಲೆ ಹೆಣೆಯುತ್ತಿದ್ದವರಿಂದ ಸೀಸದ ಗುಂಡು ತಂದು ಅಂಚಿನೊಳಗೆ ಹೊಲಿದೆ. ಗಾಳಿಗೆ ನಿಂತಿತು, ಆದರೆ ನಡೆದರೆ ಕಣಕಾಲಿಗೆ ಬಡಿಯುತ್ತದೆ, ಎರಡು ಒಗೆತಕ್ಕೆ ಬಿಳಿ ಅಂಚಿನಲ್ಲಿ ಬೂದು ಗೀರು. ಮತ್ತೆ ಪರದೆಯ ಕೆಳಗೆ ಹಾಕುವ ಸರಪಳಿ ನೋಡಿದೆ, ಶಬ್ದ ಮಾಡಿತು. ಕೊನೆಗೆ ಸಿಕ್ಕಿದ ವಸ್ತು ನಮ್ಮ ಎಲ್ಲರ ಅಂಗಡಿಯಲ್ಲೂ ಉಂಟು, ತೂಕ ಇಡೀ ಸುತ್ತಿಗೆ ಅರುವತ್ತು-ಎಪ್ಪತ್ತು ಗ್ರಾಂ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಆರು ತಿಂಗಳ ತಲೆಬಿಸಿಯ ಫಲ ಅದು. ಬೆಲ್ಟಿನ ಒಳಗಿನ ಪಟ್ಟಿ ಯಾವ ಓರೆಯಲ್ಲಿ ಕತ್ತರಿಸುತ್ತೇನೆ ಅನ್ನುವುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನೀರ್ಚಾಲಿನವರದ್ದು ಸೌತಾಂಪ್ಟನ್‌ನಿಂದ ನಾರ್ವೆಗೆ 7 ರಾತ್ರಿ. ಜೀವಮಾನದಲ್ಲಿ ಪ್ಯಾಂಟು ಹಾಕದವರು, ಈಗ ಯಾಕೆ ಹಾಕಲಿ ಅಂತ ಹಟ. ಮಗಳಿಗೆ ಒಂದೇ ಮಾತು ಹೇಳಿದೆ: ಟಿಕೆಟ್ ಮಾಡಿದ ಮೇಲೆ ಕಂಪೆನಿಗೆ ಇಮೇಲ್ ಬರೆದು, ಭಾರತದ ಸಾಂಪ್ರದಾಯಿಕ ಔಪಚಾರಿಕ ಉಡುಪು ಆಗಬಹುದೇ ಅಂತ ಕೇಳಿ, ಉತ್ತರ ಪ್ರಿಂಟ್ ತೆಗೆದು ಅಪ್ಪನ ಜೇಬಿನಲ್ಲಿಡು. ಉಟ್ಟು ತೋರಿಸಿದ ಫೋಟೋವನ್ನೂ ಜೊತೆಗೆ ಕಳಿಸಿದಳು. ನಾಲ್ಕು ದಿನಕ್ಕೆ ಧಾರಾಳ ಬನ್ನಿ ಅಂತ ಉತ್ತರ ಬಂತು. ಬಾಗಿಲಲ್ಲಿ ಯಾರೂ ಆ ಕಾಗದ ಕೇಳಲೂ ಇಲ್ಲ. ಎರಡನೆಯ ಫೋಟೋ ಡೆಕ್ಕಿನದ್ದು, ರಾತ್ರಿ ಒಂಬತ್ತಕ್ಕೆ ತೆಗೆದದ್ದು, ಆ ಹೊತ್ತಿಗೂ ಅಲ್ಲಿ ಬಿಸಿಲು. ಅವರ ಮನೆಯವರ ಸೆರಗು ಬಾವುಟದಂತೆ ಹಾರುತ್ತಿದೆ, ಇವರ ಪಂಚೆಯ ಅಂಚು ಕದಲಿಲ್ಲ. ಆ ಫೋಟೋವನ್ನು ದೊಡ್ಡದು ಮಾಡಿಸಿ ಅಂಗಡಿಯಲ್ಲಿ ಹಾಕಿದ್ದೇನೆ, ಅವರ ಒಪ್ಪಿಗೆ ಕೇಳಿಯೇ.

ಸೀರೆಯ ವಿಷಯ ಚಿಕ್ಕದು. ಸೀರೆಯನ್ನು ಯಾವ ಹಡಗಿನ ಬಾಗಿಲೂ ತಡೆದದ್ದು ನಾನು ಕೇಳಿಲ್ಲ. ಕೆಲವರು ರೆಡಿಮೇಡ್ ಸೀರೆ ಮಾಡಿ ಕತ್ತರಿಸಿ ಕೊಡು ಅಂತಾರೆ. ಕಾಸರಗೋಡು ಸೀರೆ ನಮ್ಮ ಜಿಲ್ಲೆಯ ಮಗ್ಗದ್ದು, ಭೌಗೋಳಿಕ ಗುರುತಿನ ಮಾನ್ಯತೆ ಇರುವಂಥದ್ದು, ಅದಕ್ಕೆ ಕತ್ತರಿ ಹಾಕಲು ನನ್ನ ಕೈ ಏಳುವುದಿಲ್ಲ. ನೆರಿಗೆಗೂ ಸೆರಗಿಗೂ ಕಚ್ಚು ಹಾಕಿ, ನಾಲ್ಕು ಕ್ಲಿಪ್ಪು ಕೊಟ್ಟು, ಅಂಚು ಒಂದಿಂಚು ಮೇಲೆ ನಿಲ್ಲುವ ಹಾಗೆ ಗುರುತು ಮಾಡಿ ಕೊಡುತ್ತೇನೆ. ಹಡಗು ಅಲುಗುವಾಗ ಕಾಲಿಗೆ ಸಿಕ್ಕಬಾರದು. ಅದೇ ಸೀರೆಯ ಬ್ಲೌಸ್ ಪೀಸಿನಲ್ಲಿ ಯಜಮಾನರ ಕೋಟಿನ ಒಳಗೆ ಒಂದು ಜೇಬಿನ ಪಟ್ಟಿ ಹೊಲಿಯುವುದುಂಟು, ಹೊರಗೆ ಕಾಣುವುದಿಲ್ಲ, ಅವರಿಬ್ಬರಿಗೆ ಗೊತ್ತಿರುತ್ತದೆ.

ಲೆಕ್ಕ ಕೇಳುವವರಿಗೆ: ಕೋಟಿನ ಟೆರಿವೂಲ್ ಬಟ್ಟೆ ಎರಡು ಮೀಟರಿನ ಹತ್ತಿರ, 2,200 ಆಗುತ್ತದೆ. ಪಂಚೆ, ಒಳಪದರ ಸಾವಿರ. ಕ್ಯಾನ್ವಾಸ್, ಗುಂಡಿ, ಲೈನಿಂಗ್ 900. ಒಟ್ಟು ನಾಲ್ಕು ಸಾವಿರದ ಆಸುಪಾಸು, ನಾನು ತೆಗೆದುಕೊಳ್ಳುವುದು 9,500. ಮೋಜಡಿ ಅವರದ್ದೇ. ಮೊದಲ ವರ್ಷ ನಾಲ್ಕು ಜೊತೆ, ಈ ಹನ್ನೆರಡು ತಿಂಗಳಲ್ಲಿ ಮೂವತ್ತು ದಾಟಿದೆ. ಹಡಗಿನಿಂದ ಬಂದ ಮೇಲೆ ಅದನ್ನೇ ಮದುವೆಗೂ ಹಾಕುತ್ತಾರೆ, ಬಾಡಿಗೆ ಸೂಟಿನಲ್ಲಿ ಆ ಮಾತಿಲ್ಲ. ಅಂದು 6,500 ವಾಪಸು ಪಡೆದ ಮಂಜೇಶ್ವರದವರೂ ಈ ಏಪ್ರಿಲಿನಲ್ಲಿ ಬಂದರು, ಅವರಿಗೆ ಮಾತ್ರ ಬಟ್ಟೆಯ ದುಡ್ಡಷ್ಟೇ ತೆಗೆದುಕೊಂಡೆ.

ಈಗ ಮೇಜಿನ ಮೇಲಿರುವುದು ಮುಳ್ಳೇರಿಯದ ಒಬ್ಬರದ್ದು. ಸಿಂಗಾಪುರದಿಂದ 4 ರಾತ್ರಿ, ಫಾರ್ಮಲ್ ಒಂದೇ. ಅಲ್ಲಿಯ ಸೆಕೆಗೆ ಲೈನಿಂಗ್ ಅರ್ಧವೇ ಸಾಕು ಅಂತ ಬೆನ್ನು ಬರಿದೇ ಬಿಟ್ಟಿದ್ದೇನೆ, ಹೊಸ ಪ್ರಯೋಗ. ಎಡಗೈಯವರು, ಹಾಗಾಗಿ ಕಾರ್ಡಿನ ಜೇಬು ಎಡಕ್ಕೆ. ಬುಧವಾರ ಟ್ರಯಲ್.