ಎಂಟು ಗಂಟೆಯ ಕೆಲಸ ಒಂದೂವರೆಗೆ: ಸಾಫ್ಟ್‌ವೇರ್ ಬಳಗದಲ್ಲಿ ಉತ್ತರ ಬರುವ ಹಾಗೆ ಕೇಳುವುದು

ಒಂದು ಸಾಫ್ಟ್‌ವೇರ್ ಬಳಸುವವರ ಆನ್‌ಲೈನ್ ಬಳಗದಲ್ಲಿ ನಾನು ಮೊದಲ ಸಲ ಕೇಳಿದ ಪ್ರಶ್ನೆ ಇದು: ‘ಆಟೊಮೇಷನ್ ಕೆಲಸ ಮಾಡ್ತಿಲ್ಲ. ತುಂಬಾ ಅರ್ಜೆಂಟ್. ಯಾರಾದ್ರೂ ಹೆಲ್ಪ್ ಮಾಡಿ.’ ಇಂಗ್ಲಿಷಿನಲ್ಲಿ ಬರೆದಿದ್ದೆ. ಕೊನೆಗೆ ಮೂರು ಆಶ್ಚರ್ಯಸೂಚಕ ಬೇರೆ. ನಾಲ್ಕು ದಿನ ಕಾದೆ. ಒಬ್ಬರೂ ಮಾತಾಡಲಿಲ್ಲ. ಹಳೇ ಬಾಕಿ ಇಟ್ಟುಕೊಂಡ ಗಿರಾಕಿಯನ್ನು ನೋಡಿದ ಹಾಗೆ ಎಲ್ಲರೂ ಮುಖ ತಿರುಗಿಸಿದರಾ ಅನ್ನಿಸಿತು. ಐದನೇ ದಿನ ಅದೇ ವಿಷಯವನ್ನು ಬೇರೆ ಥರ ಬರೆದೆ. ಊಟ ಮುಗಿಸಿ ಬರುವಷ್ಟರಲ್ಲಿ ಉತ್ತರ ಬಂದಿತ್ತು.

ನಾನು ಕಂಪ್ಯೂಟರ್ ಓದಿದವನಲ್ಲ, ಬಿ.ಕಾಂ. ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮ ಸೋದರಮಾವನದು ಒಂದು ಸಣ್ಣ ಜೀನ್ಸ್ ಯೂನಿಟ್ ಇದೆ. 18 ಮಷೀನ್. ಲೆಕ್ಕ, ಮಾಲಿನ ಓಡಾಟ ಎರಡೂ ನನ್ನ ತಲೆ ಮೇಲೆ. ಕಟಿಂಗ್, ಹೊಲಿಗೆ, ವಾಷಿಂಗ್, ಫಿನಿಷಿಂಗ್, ಪ್ಯಾಕಿಂಗ್. ಕೇಳೋಕೆ ಐದೇ ಹಂತ. ಆದರೆ ವಾಷಿಂಗ್ ನಮ್ಮಲ್ಲಿಲ್ಲ, ಹೊರಗೆ ಕಳಿಸಬೇಕು. ದಾರ ಕತ್ತರಿಸುವ ಕೆಲಸ ಓಣಿಯ ಹೆಂಗಸರ ಮನೆಗೆ ಹೋಗುತ್ತದೆ. ಹಾಗಾಗಿ ದಿನಕ್ಕೆ ಹತ್ತು ಸಲ ಮಾವ ‘47ನೇ ಲಾಟ್ ಎಲ್ಲೈತೋ?’ ಅಂತ ಕೂಗುವುದು, ನಾನು ವಾಟ್ಸಾಪ್ ಕೆದಕುವುದು. ಲಾಟ್ ಅಂದರೆ ಒಟ್ಟಿಗೆ ಸಾಗುವ ಪ್ಯಾಂಟುಗಳ ಒಂದು ಕಂತು. ಈ ಕಾಟಕ್ಕೆ ಬೇಸತ್ತು ಕೆಲಸ ನಿಭಾಯಿಸುವ ಸಾಫ್ಟ್‌ವೇರ್ ಹಾಕಿಕೊಂಡೆ. ಒಂದು ಬೋರ್ಡ್, ಅದರಲ್ಲಿ ಹಂತಕ್ಕೊಂದು ಪಟ್ಟಿ, ಲಾಟಿಗೊಂದು ಕಾರ್ಡ್. ಈ ಪದ್ಧತಿಗೆ ಕಾನ್‌ಬಾನ್ ಅನ್ನುತ್ತಾರೆ. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ಮಾಲಿನ ಜೊತೆ ಚೀಟಿ ಕಳಿಸುತ್ತಿದ್ದರಂತಲ್ಲ, ಅಲ್ಲಿಂದ ಬಂದದ್ದು. ನಮ್ಮ ಕಟಿಂಗ್ ಮಾಸ್ಟರಿಗೆ ಹೇಳಿದರೆ ನಕ್ಕರು. ಅವರು ಬಂಡಲ್ಲಿಗೆ ಚೀಟಿ ಕಟ್ಟುತ್ತಲೇ ಕೂದಲು ಬೆಳ್ಳಗಾದವರು.

ನಾನು ಯಾವ ಸಾಫ್ಟ್‌ವೇರ್ ಬಳಸುತ್ತೇನೆ ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಟ್ರೆಲೊ, ಆಸನಾ, ಜೀರಾ, ಕ್ಲಿಕ್‌ಅಪ್, ಎಲ್ಲದಕ್ಕೂ ಬಳಸುವವರದೇ ಒಂದು ಬಳಗ ಇದೆ. ಅಲ್ಲಿ ಉತ್ತರ ಕೊಡುವವರಲ್ಲಿ ಹೆಚ್ಚಿನವರು ಕಂಪನಿಯ ನೌಕರರಲ್ಲ. ನನ್ನ ನಿಮ್ಮ ಹಾಗೆ ಎಲ್ಲೋ ದುಡಿಯುವವರು. ಚಹಾ ಕುಡಿಯುವ ಹೊತ್ತಿನಲ್ಲಿ ಬಂದು ಸುಮ್ನೆ ಸಹಾಯ ಮಾಡಿ ಹೋಗುತ್ತಾರೆ. ಇದು ತಲೆಯಲ್ಲಿ ಕೂತರೆ ‘ಅರ್ಜೆಂಟ್’ ಅಂತ ಬರೆಯುವ ಕೈ ತಾನಾಗಿ ನಿಲ್ಲುತ್ತದೆ. ಕಾರ್ಡಿನಿಂದ ದುಡ್ಡು ಎರಡು ಸಲ ಕಟ್ ಆಯಿತು, ಲಾಗಿನ್ ಆಗುತ್ತಿಲ್ಲ, ಖಾತೆ ಬೇರೆಯವರ ಕೈಗೆ ಹೋಯಿತು, ಇಂಥವನ್ನು ಬಳಗದಲ್ಲಿ ಕೇಳಬೇಡಿ. ಅವರ ಕೈಯಲ್ಲಿ ಏನೂ ಇರುವುದಿಲ್ಲ. ನೇರವಾಗಿ ಕಂಪನಿಯ ಸಪೋರ್ಟಿಗೆ ಬರೆಯಿರಿ.

ಕೇಳುವ ಮೊದಲು ಹುಡುಕಿ. ಎಲ್ಲರೂ ಹೇಳುವ ಮಾತೇ, ಆದರೆ ಹುಡುಕುವುದರಲ್ಲೂ ಒಂದು ಬಗೆ ಇದೆ. ನಿಮ್ಮ ಮಾತಿನಲ್ಲಿ ಹುಡುಕಬೇಡಿ, ಸಾಫ್ಟ್‌ವೇರಿನ ಮಾತಿನಲ್ಲಿ ಹುಡುಕಿ. ಬಟನ್ ಮೇಲೆ ಏನು ಬರೆದಿದೆಯೋ ಅದೇ ಪದ, ಎರರ್ ಬಂದಿದ್ದರೆ ಅದರ ಅಕ್ಷರಗಳನ್ನೇ ಹಾಕಿ. ಸಿಕ್ಕ ಉತ್ತರದ ತಾರೀಖು ನೋಡಿ. 2019ರ ಉತ್ತರ ನೋಡಿಕೊಂಡು ಅರ್ಧ ಗಂಟೆ ಒಂದು ಮೆನು ಹುಡುಕಿದ್ದೇನೆ, ಅದು ಅಲ್ಲಿಂದ ಎದ್ದು ಹೋಗಿ ಯಾವ ಕಾಲವಾಯಿತೋ. ಇನ್ನೊಂದು, ಆ ಉತ್ತರ ದುಡ್ಡು ಕೊಟ್ಟವರಿಗೆ ಮಾತ್ರ ಸಿಗುವ ಸೌಲಭ್ಯದ್ದಾ ಅಂತಲೂ ನೋಡಿಕೊಳ್ಳಿ.

ಈಗ ನನ್ನ ಐದನೇ ದಿನದ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

‘ದಿನಾ ಬೆಳಿಗ್ಗೆ 8ಕ್ಕೆ ತಾನಾಗಿ ಓಡುವ ಒಂದು ಆಟೊಮೇಷನ್ ರೂಲ್ ಇದೆ. ಒಂದನೇ ಪಟ್ಟಿಯಲ್ಲಿ ಇವತ್ತಿನ ಗಡುವು ಇರುವ ಕಾರ್ಡ್‌ಗಳನ್ನು ಅದು ಎರಡನೇ ಪಟ್ಟಿಗೆ ಹಾಕಬೇಕು. 8ಕ್ಕೆ ಏನೂ ಆಗುವುದಿಲ್ಲ. ಮಧ್ಯಾಹ್ನ 1:30ಕ್ಕೆ ಕಾರ್ಡ್‌ಗಳು ಹೋಗುತ್ತವೆ. ಮೂರು ದಿನ ನೋಡಿದೆ, ಮೂರೂ ದಿನ 1:30. ಅದೇ ರೂಲನ್ನು ಕೈಯಿಂದ ಓಡಿಸಿದರೆ ಸರಿಯಾಗಿದೆ. ರೂಲ್ ಅಳಿಸಿ ಮತ್ತೆ ಬರೆದೆ, ವ್ಯತ್ಯಾಸ ಇಲ್ಲ. ಉಚಿತ ಪ್ಲಾನ್, ಕಂಪ್ಯೂಟರಿನಲ್ಲಿ ಕ್ರೋಮ್.’

ಬಂದ ಉತ್ತರ ಎರಡೇ ಸಾಲು. ‘ನೀವು ಭಾರತದವರಾ? ಪ್ರೊಫೈಲಿನಲ್ಲಿ ಟೈಮ್ ಝೋನ್ ಏನಿದೆ ನೋಡಿ.’ ನೋಡಿದೆ. ಯುಟಿಸಿ ಅಂತಿತ್ತು, ಅಂದರೆ ಜಗತ್ತಿನ ಗಡಿಯಾರಗಳಿಗೆಲ್ಲ ಅಳತೆಗೋಲಾದ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ 8 ಆದಾಗ ಬಳ್ಳಾರಿಯಲ್ಲಿ ಒಂದೂವರೆ. ಖಾತೆ ತೆರೆಯುವಾಗ ಅವಸರದಲ್ಲಿ ನಾನೇ ಬಿಟ್ಟು ಮುಂದೆ ಹೋಗಿದ್ದೆ. ವಾಷಿಂಗಿನಿಂದ ಮಾಲು ತರುವ ಟೆಂಪೊ ಹುಡುಗ 9ಕ್ಕೇ ಹೊರಡುತ್ತಾನೆ, ಪಟ್ಟಿ ಅವನ ಫೋನಿಗೆ ಬರುವಾಗ ಅವನು ಊಟಕ್ಕೆ ಕೂತಿರುತ್ತಿದ್ದ. ಬೈಗುಳ ಪಾಪ ಅವನಿಗೆ.

ಆ ಮನುಷ್ಯನಿಗೆ ಸುಳಿವು ಕೊಟ್ಟದ್ದು ‘1:30’ ಅನ್ನುವ ಅಂಕಿ, ಬೇರೇನೂ ಅಲ್ಲ. ನನ್ನ ಮೊದಲ ಪ್ರಶ್ನೆಯಲ್ಲಿ ಅದೇ ಇರಲಿಲ್ಲ. ಅಷ್ಟೇ ಅಲ್ಲ, ‘ಕೆಲಸ ಮಾಡ್ತಿಲ್ಲ’ ಅಂದದ್ದೂ ಸುಳ್ಳು. ಕೆಲಸ ಮಾಡುತ್ತಿತ್ತು, ತಡವಾಗಿ ಮಾಡುತ್ತಿತ್ತು. ಆದ್ದರಿಂದ ಪ್ರಶ್ನೆಯಲ್ಲಿ ‘ಆಗ್ತಿಲ್ಲ’, ‘ಕೆಟ್ಟೋಗಿದೆ’ ಅನ್ನುವ ಮಾತು ಬಂದ ಕೂಡಲೇ ಅದನ್ನು ಹೊಡೆದು ಹಾಕಿ. ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಎಷ್ಟು ಗಂಟೆಗೆ, ಎಷ್ಟು ಸಲ ಅಂತ ಬರೆಯಿರಿ. ಫೋನಿನಲ್ಲಾ ಕಂಪ್ಯೂಟರಿನಲ್ಲಾ ಅನ್ನುವುದನ್ನು ಮರೆಯಬೇಡಿ, ಎರಡರಲ್ಲೂ ಎಲ್ಲ ಸೌಲಭ್ಯ ಒಂದೇ ಥರ ಇರುವುದಿಲ್ಲ. ಏನೇನು ಮಾಡಿ ನೋಡಿದಿರಿ ಅಂತಲೂ ಹೇಳಿ. ಇಲ್ಲದಿದ್ದರೆ ‘ಒಮ್ಮೆ ಅಳಿಸಿ ಮತ್ತೆ ಬರೀರಿ’ ಅಂತಲೇ ಮೊದಲ ಮೂರು ಉತ್ತರ ಬರುತ್ತವೆ.

ಪ್ರಶ್ನೆ ಹಾಕುವ ಮೊದಲು ನಾನು ಈಗ ಒಂದು ಖಾಲಿ ಬೋರ್ಡ್ ತೆರೆಯುತ್ತೇನೆ. ಎರಡು ಪಟ್ಟಿ, ಒಂದೇ ಕಾರ್ಡ್. ಅದರಲ್ಲೂ ಅದೇ ತೊಂದರೆ ಬರುತ್ತದಾ ಅಂತ ನೋಡುತ್ತೇನೆ. ಅರ್ಧಕ್ಕರ್ಧ ಸಲ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ, ಕೇಳುವುದೇ ಬೇಡ. ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋದಲ್ಲಿ ಹೀಗೆ ಚಿಕ್ಕ ನಮೂನೆ ಮಾಡಿ ತೋರಿಸಿ ಅಂತ ಪಟ್ಟು ಹಿಡಿಯುತ್ತಾರೆ. ಅದನ್ನು 2008ರಲ್ಲಿ ಜೆಫ್ ಅಟ್‌ವುಡ್ ಜೊತೆ ಸೇರಿ ಶುರು ಮಾಡಿದ ಜೋಯಲ್ ಸ್ಪೋಲ್ಸ್ಕಿಯ ಕಂಪನಿಯಿಂದಲೇ 2011ರಲ್ಲಿ ಟ್ರೆಲೊ ಬಂದದ್ದು. ಪ್ರಶ್ನೆ ಕೇಳುವುದನ್ನು ಕಲಿಸಿದವರೇ ಕಾರ್ಡ್ ಸರಿಸುವುದನ್ನೂ ಕಲಿಸಿದರು ನೋಡಿ.

ಆ ಚಿಕ್ಕ ಬೋರ್ಡಿನಿಂದ ಇನ್ನೊಂದು ಉಪಕಾರ ಇದೆ. ಒಮ್ಮೆ ನಾನು ನಮ್ಮ ಅಸಲಿ ಬೋರ್ಡಿನ ಸ್ಕ್ರೀನ್‌ಶಾಟ್ ಹಾಕಿಬಿಟ್ಟೆ. ಪಾರ್ಟಿಗಳ ಹೆಸರು, ಫೋನ್ ನಂಬರ್, ಪೀಸಿಗೆ ಎಷ್ಟು ರೇಟ್ ಅನ್ನುವುದು, ಎಲ್ಲ ಅದರಲ್ಲಿತ್ತು. ಯಾರೋ ಪುಣ್ಯಾತ್ಮರು ಒಳಗಿಂದ ಮೆಸೇಜ್ ಹಾಕಿ ಹೇಳಿದರು, ತೆಗೆದೆ. ಬಳ್ಳಾರಿಯಲ್ಲಿ ಒಬ್ಬರ ರೇಟ್ ಇನ್ನೊಬ್ಬರಿಗೆ ಗೊತ್ತಾದರೆ ಏನಾಗುತ್ತದೆ ಅಂತ ಈ ಧಂದೆಯಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾವನಿಗೆ ಇವತ್ತಿಗೂ ಈ ಸಂಗತಿ ಗೊತ್ತಿಲ್ಲ.

ನಮ್ಮ ಕಸುಬಿನ ಮಾತು ಹೊರಗಿನವರಿಗೆ ಅರ್ಥವಾಗುವುದಿಲ್ಲ ಅಂತ ತಿಳಿಯುವುದಕ್ಕೆ ನನಗೆ ಸ್ವಲ್ಪ ದಿನ ಬೇಕಾಯಿತು. ‘ಅರ್ಧ ಲಾಟ್ ವಾಷಿಂಗಿನಲ್ಲಿದೆ, ಅರ್ಧ ಇಲ್ಲೇ ಇದೆ. ಒಂದೇ ಕಾರ್ಡನ್ನು ಎರಡು ಪಟ್ಟಿಯಲ್ಲಿ ಇಡಬಹುದಾ?’ ಅಂತ ಕೇಳಿದೆ. ಒಬ್ಬರು ಬಹಳ ವಿನಯದಿಂದ ಕೇಳಿದರು, ‘ನಿಮ್ಮದು ಕಾರ್ ವಾಷಿಂಗ್ ವ್ಯಾಪಾರವಾ?’ ಲಾಟ್ ಅಂದರೆ ಅವರಿಗೆ ಕಾರ್ ನಿಲ್ಲಿಸುವ ಜಾಗ! ಅಂದಿನಿಂದ ಮೊದಲ ಸಾಲಿನಲ್ಲೇ ಬರೆಯುತ್ತೇನೆ: ‘ನಮ್ಮದು ಪ್ಯಾಂಟ್ ಹೊಲಿಯುವ ಯೂನಿಟ್. ಒಂದು ಕಾರ್ಡ್ ಅಂದರೆ 600 ಪ್ಯಾಂಟ್.’

ಅದೇ ಪ್ರಶ್ನೆಗೆ ಇನ್ನೊಬ್ಬರು ‘ಅದು ನಿಮಗೆ ಯಾಕೆ ಬೇಕು?’ ಅಂದರು. ನನಗೆ ಸಿಟ್ಟು ಬಂತು. ಯಾಕೆ ಬೇಕಂದ್ರೆ ಬೇಕಪ್ಪಾ, ನಿಂಗ್ಯಾಕೆ? ಆಮೇಲೆ ಗೊತ್ತಾಯಿತು, ಅಷ್ಟು ಹೊತ್ತಿನಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ ಅದೊಂದೇ ಆಗಿತ್ತು. ನನಗೆ ಬೇಕಾದದ್ದು ಒಂದು ಕಾರ್ಡ್ ಎರಡು ಕಡೆ ಇರುವುದಲ್ಲ, ಯಾವ ಹಂತದಲ್ಲಿ ಎಷ್ಟು ಪೀಸ್ ಇದೆ ಅನ್ನುವ ಲೆಕ್ಕ. ಅದನ್ನು ಹೇಳಿದ ಮೇಲೆ ದಾರಿ ಸುಲಭ. ಲಾಟ್ ಒಡೆದ ಕೂಡಲೇ ಕಾರ್ಡನ್ನೂ ಒಡೆಯಿರಿ. 47ಎ, 47ಬಿ. ಪೀಸ್ ಸಂಖ್ಯೆಗೆ ಒಂದು ಬೇರೆ ಖಾನೆ ಮಾಡಿ, ಎರಡಕ್ಕೂ ಮೂಲ ಲಾಟಿನ ಕೊಂಡಿ ಹಾಕಿ. ನಮ್ಮ ಮಾಸ್ಟರ್ ಬಂಡಲ್ ಒಡೆದಾಗ ಚೀಟಿ ಹರಿದು ಎರಡು ಬರೆಯುತ್ತಾರಲ್ಲ, ಅಷ್ಟೇ. ಹಾಗಾಗಿ, ತಲೆಯಲ್ಲಿ ಒಂದು ಉಪಾಯ ಹೊಳೆದು ಅದು ಅರ್ಧಕ್ಕೆ ನಿಂತಿದ್ದರೆ ಬರೀ ಉಪಾಯದ ಬಗ್ಗೆ ಕೇಳಬೇಡಿ. ಹಿಂದಿರುವ ಕೆಲಸವನ್ನೂ ಎರಡು ಸಾಲು ಹೇಳಿ.

ಇಂಗ್ಲಿಷಿನ ಭಯ ಬೇಡ. ನಾನು ಮೊದಲು ಕನ್ನಡದಲ್ಲಿ ಬರೆಯುತ್ತೇನೆ, ಚಿಕ್ಕ ಚಿಕ್ಕ ವಾಕ್ಯ. ಆಮೇಲೆ ಗೂಗಲ್ ಟ್ರಾನ್ಸ್‌ಲೇಟಿಗೆ ಹಾಕಿ, ಬಂದದ್ದನ್ನು ಓದಿ ತಿದ್ದುತ್ತೇನೆ. ವಾಕ್ಯ ಉದ್ದ ಆದಷ್ಟೂ ಅದು ಜಾಸ್ತಿ ಎಡವುತ್ತದೆ. ಬಟನ್ನಿನ ಹೆಸರುಗಳನ್ನು ಮಾತ್ರ ಪರದೆಯಲ್ಲಿ ಇರುವ ಹಾಗೇ ಬಿಡಿ. ವ್ಯಾಕರಣ ತಪ್ಪಿದ್ದಕ್ಕೆ ಅಲ್ಲಿ ಯಾರೂ ನಕ್ಕಿಲ್ಲ.

ಉತ್ತರ ಬಂದ ಮೇಲೆ ಮಾಯವಾಗಬೇಡಿ. ಸರಿಹೋಯಿತಾ ಇಲ್ಲವಾ ಅಂತ ಬಂದು ಹೇಳಿ, ಉತ್ತರಕ್ಕೆ ಗುರುತು ಹಾಕುವ ಬಟನ್ ಇದ್ದರೆ ಒತ್ತಿ. ನೀವೇ ದಾರಿ ಕಂಡುಕೊಂಡಿದ್ದರೂ ಅದನ್ನು ಬರೆಯಿರಿ. ‘ಸರಿಹೋಯ್ತು, ಥ್ಯಾಂಕ್ಸ್’ ಅಂತಷ್ಟೇ ಬರೆದು ಹೋದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೇಗೆ ಸರಿಹೋಯ್ತು ಮಾರಾಯಾ? ಹೊಸ ಸೌಲಭ್ಯ ಬೇಕು ಅಂತ ಕೇಳುವುದಿದ್ದರೆ, ಅದನ್ನು ಬೇರೆ ಯಾರೋ ಆಗಲೇ ಕೇಳಿರುತ್ತಾರೆ. ಅಲ್ಲೇ ಓಟು ಹಾಕಿ, ನಿಮ್ಮ ಕೆಲಸಕ್ಕೆ ಅದು ಹೇಗೆ ಬೇಕು ಅಂತ ಕೆಳಗೆ ಸೇರಿಸಿ.

ಉತ್ತರ ಕೊಡುವುದಕ್ಕೆ ಪಂಡಿತರೇ ಆಗಬೇಕು ಅಂತ ಬಹಳ ದಿನ ಸುಮ್ಮನಿದ್ದೆ. ಒಂದು ದಿನ ಮಧ್ಯಾಹ್ನ ಕರೆಂಟ್ ಹೋಗಿ ಮಷೀನ್ ಎಲ್ಲ ನಿಂತಿದ್ದವು. ಒಗ್ಗರಣೆ ಮಿರ್ಚಿ ತಿನ್ನುತ್ತಾ ಫೋನ್ ನೋಡುತ್ತಿದ್ದೆ. ಯಾರೋ ಕೇಳಿದ್ದರು: ‘ಕನ್ನಡದ ವರ್ಡ್ ಫೈಲಿನಿಂದ ಕಾಪಿ ಮಾಡಿ ಕಾರ್ಡಿಗೆ ಹಾಕಿದರೆ ಕಸ ಬರುತ್ತದೆ.’ ದೊಡ್ಡ ದೊಡ್ಡವರು ಬ್ರೌಸರ್ ಬದಲಿಸಿ, ಭಾಷೆ ಬದಲಿಸಿ ಅಂತಿದ್ದರು. ಸ್ಕ್ರೀನ್‌ಶಾಟ್ ನೋಡಿದ ತಕ್ಷಣ ನನಗೆ ಗೊತ್ತಾಯಿತು. ಇಂಗ್ಲಿಷಿನ ಪಿ, ತಲೆ ಮೇಲೆ ಗೆರೆ ಎಳೆದ ಎ, ಮಧ್ಯೆ ಒಂದು ಪೌಂಡ್ ಗುರುತು. ಅದು ಹಳೇ ನುಡಿ ಫಾಂಟ್! ಆ ಫಾಂಟಿನಲ್ಲಿ ‘ಕನ್ನಡ’ ಅಂತ ಬರೆದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಇವೇ ಅಕ್ಷರಗಳು. ಫಾಂಟ್ ಅದರ ಮೇಲೆ ಕನ್ನಡದ ಅಂಗಿ ತೊಡಿಸಿರುತ್ತದೆ, ಅಷ್ಟೇ. ಕಾರ್ಡಿನಲ್ಲಿ ಆ ಫಾಂಟ್ ಇಲ್ಲ, ಅಂಗಿ ಕಳಚಿ ಬೀಳುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ (ಕನ್ನಡವನ್ನು ಕನ್ನಡದ ಅಕ್ಷರವಾಗಿಯೇ ಉಳಿಸುವ ಪದ್ಧತಿ) ಮಾಡಿಕೊಳ್ಳಿ, ಮುಂದೆ ಯೂನಿಕೋಡಿನಲ್ಲೇ ಟೈಪ್ ಮಾಡಿ ಅಂತ ಬರೆದೆ. ನಮ್ಮ ಹಳೇ ಲೆಕ್ಕದ ಫೈಲುಗಳ ಜೊತೆ ಒದ್ದಾಡಿದ ಅನುಭವ ಅಲ್ಲಿ ಕೆಲಸಕ್ಕೆ ಬಂತು.

ಸಂಜೆ ಅವರಿಂದ ಉತ್ತರ ಬಂತು. ಈ ಸಲ ಕನ್ನಡದಲ್ಲೇ: ‘ಸರಿಹೋಯ್ತು ಅಣ್ಣಾ. ಯಾವ ಊರು ನಿಮ್ದು?’

ಬಳ್ಳಾರಿ ಅಂದೆ. ಅವರದು ಸಿಂಧನೂರಂತೆ. ಬೇರೆಯವರಿಗೆ ತಿಳಿಯಬೇಕಲ್ಲ ಅಂತ ಇಬ್ಬರೂ ಅದರ ಕೆಳಗೆ ಒಂದೊಂದು ಸಾಲು ಇಂಗ್ಲಿಷ್ ಸೇರಿಸಿದೆವು. ಅಷ್ಟರಲ್ಲಿ ಕರೆಂಟ್ ಬಂದು ಎಷ್ಟೋ ಹೊತ್ತಾಗಿತ್ತು, ಮಾವ ಮತ್ತೆ ಯಾವುದೋ ಲಾಟ್ ಕೇಳುತ್ತಿದ್ದರು.