ಹಾಳೆ, ಮೆಂತ್ಯ ಮತ್ತು ಒಂದು ಮಂಗಟ್ಟೆ: ಮಕ್ಕಳಿಗೆ ಛದ್ಮವೇಷ ಕಟ್ಟಿದ ನನ್ನ ಅನುಭವ

ಅಡಿಕೆ ಹಾಳೆಯಲ್ಲಿ, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಪೊರೆಯಲ್ಲಿ, ಕಟ್ಟಿದ ವೇಷ ಮಳೆಗಾಲದಲ್ಲಿ ಎರಡು ದಿನವೂ ನಿಲ್ಲುವುದಿಲ್ಲವೆಂದು ನನಗೆ ಹೇಳದವರು ನಮ್ಮ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಎರಡು ವರ್ಷ ಅವರ ಮಾತೇ ನಿಜವಾಯಿತೆಂಬುದನ್ನೂ ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ 2018ರಲ್ಲಿ, ನಾಲ್ಕನೆಯ ತರಗತಿಯಲ್ಲಿದ್ದ ನನ್ನ ಮಗಳು ಅದೇ ಹಾಳೆಯಲ್ಲಿ ಮಾಡಿದ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯ ಕೊಕ್ಕನ್ನು ಹಣೆಗೆ ಕಟ್ಟಿಕೊಂಡು, ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಹಂತ ದಾಟಿ, ಶಿಕ್ಷಣ ಇಲಾಖೆಯ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯ ತಾಲ್ಲೂಕು ಮಟ್ಟದಲ್ಲಿ ಮೊದಲ ಸ್ಥಾನ ಪಡೆದಳು. ಅಂದಿನಿಂದ ಶಿರಸಿ ಸೀಮೆಯ ನಾಲ್ಕಾರು ಶಾಲೆಗಳ ಪಾಲಕರು ಮಾಡಿದ್ದು ಹೇಗೆಂದು ಕೇಳುತ್ತಲೇ ಇದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಹಾಳೆ, ದಬ್ಬಣ, ಗೋಣಿ ದಾರಗಳ ಪರಿಚಯ ನಿಮಗಿದೆಯೆಂದೇ ಭಾವಿಸಿದ್ದೇನೆ.

ಮಗಳು ಒಂದನೆಯ ತರಗತಿಯಲ್ಲಿದ್ದಾಗ ನಾನೂ ಎಲ್ಲರಂತೆ ಪೇಟೆಯಿಂದ ಕೃಷ್ಣನ ವೇಷವನ್ನು ಬಾಡಿಗೆಗೆ ತಂದಿದ್ದೆ. ಬಾಡಿಗೆ ಸುಮಾರು ನಾನ್ನೂರು, ಠೇವಣಿ ಐನೂರು. ವೇಷಕ್ಕೆ ಹಿಂದೆ ಹಾಕಿಕೊಂಡವರೆಲ್ಲರ ಬೆವರಿನ ವಾಸನೆಯಿತ್ತು, ಪೀತಾಂಬರವನ್ನು ನಾಲ್ಕು ಪಿನ್ನು ಹಾಕಿ ಮಡಚಬೇಕಾಯಿತು, ಹಿಂದಿರುಗಿಸುವಾಗ ಕೊಳಲು ಸೀಳಿದೆಯೆಂದು ಠೇವಣಿಯಲ್ಲಿ ನೂರೈವತ್ತು ಮುರಿದುಕೊಂಡರು. ಕೊಳಲು ತರುವಾಗಲೇ ಸೀಳಿತ್ತು. ಅಂದು ಕ್ಲಸ್ಟರಿನಲ್ಲಿ ಐವರು ಕೃಷ್ಣರೂ ಮೂವರು ಒನಕೆ ಓಬವ್ವರೂ ಇದ್ದರು. ಒಬ್ಬ ಓಬವ್ವ ಒನಕೆಯನ್ನು ಒಬ್ಬ ಕೃಷ್ಣನ ಕಾಲಿನ ಮೇಲೆ ಬೀಳಿಸಿದ್ದರಿಂದ ಎದ್ದ ಅಳು ಮುಗಿಯುವುದರೊಳಗೆ ನಮ್ಮ ಸರದಿ ಬಂದುಹೋಯಿತು. ಬಸ್ಸಿನಲ್ಲಿ ಮನೆಗೆ ಮರಳುವಾಗಲೇ, ಮುಂದಿನ ವರ್ಷ ಬೇರೆ ಯಾರೂ ಹಾಕದ ವೇಷವನ್ನು ಮನೆಯಲ್ಲಿಯೇ ಕಟ್ಟುವುದೆಂದು ನಿಶ್ಚಯಿಸಿದೆ.

ಮಂಗಟ್ಟೆಯನ್ನು ಆರಿಸಿದ್ದು ಮಗಳೇ. ನಮ್ಮ ತೋಟದ ಮೇಲಿನ ಬೆಟ್ಟದಲ್ಲಿ ಬಸರಿ ಮರ ಹಣ್ಣಾದಾಗ ದಾಸ ಮಂಗಟ್ಟೆಗಳು ಬರುತ್ತವೆ, ರೆಕ್ಕೆಯ ಸದ್ದಿಗೆ ಮಕ್ಕಳು ಅಂಗಳಕ್ಕೆ ಓಡುತ್ತಾರೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಒಂದು ಸೀಳನ್ನು ಮಾತ್ರ ಬಿಟ್ಟು ಬಾಗಿಲನ್ನು ಮುಚ್ಚಿಕೊಂಡು, ಗಂಡು ತಂದುಕೊಡುವ ಹಣ್ಣನ್ನೇ ನಂಬಿ ತಿಂಗಳುಗಟ್ಟಲೆ ಒಳಗೇ ಇರುತ್ತದೆಯೆಂಬ ಸಂಗತಿಯನ್ನು ನಾನು ಹೇಳಿದ ಮೇಲೆ ಅವಳಿಗೆ ಬೇರೆ ಯಾವ ವೇಷವೂ ರುಚಿಸಲಿಲ್ಲ. ಎರಡನೆಯ ತರಗತಿಯ ಆ ವರ್ಷ, ಅಂದರೆ 2016ರಲ್ಲಿ, ನಾನು ಪೊಟರೆಯನ್ನೇ ಕಟ್ಟಿದೆ. ಹನ್ನೆರಡೋ ಹದಿಮೂರೋ ಹಾಳೆಗಳನ್ನು ನೆನೆಸಿ, ಉದ್ದುದ್ದಕ್ಕೆ ಹೊಲಿದು, ಬಿದಿರಿನ ಸೀಳಿನ ಬಳೆಗಳಿಗೆ ಬಿಗಿದ ಆ ಮರ ಮಗಳಿಗಿಂತ ಒಂದು ಗೇಣು ಎತ್ತರವಾಗಿತ್ತು. ಹಸಿಯಾಗಿದ್ದಾಗ ಅದು ನಿಜವಾದ ಮರದಂತೆಯೇ ಕಂಡಿತು. ಆದರೆ ಹಾಳೆ ಒಣಗುವಾಗ ಒಳಮುಖವಾಗಿ ಸುರುಳಿಕೊಳ್ಳುತ್ತದೆಯೆಂಬುದನ್ನು, ದಿನವೂ ಹಾಳೆಯ ನಡುವೆಯೇ ಬದುಕುವ ನಾನು, ಅದು ಹೇಗೋ ಮರೆತಿದ್ದೆ. ಸ್ಪರ್ಧೆಯ ಬೆಳಿಗ್ಗೆ ನೋಡಿದರೆ ಸೀಳು ಅರ್ಧ ಮುಚ್ಚಿಹೋಗಿತ್ತು. ವೇದಿಕೆಯ ಮೇಲೆ, ಒಳಗಿನಿಂದ, “ಅಪ್ಪಾ, ಎಂತದೂ ಕಾಣ್ತಿಲ್ಲೆ” ಎಂಬುದೊಂದೇ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ತೀರ್ಪುಗಾರರೊಬ್ಬರು ಆಮೇಲೆ ನನ್ನನ್ನು ಕರೆದು, ಮಗುವಿನ ಮುಖವೇ ಕಾಣದಿದ್ದರೆ ಅಂಕವನ್ನು ಕೊಡುವುದು ಯಾರಿಗೆಂದು ನಯವಾಗಿಯೇ ಕೇಳಿದರು. ಆ ಪ್ರಶ್ನೆ ನ್ಯಾಯವಾಗಿತ್ತು.

2017ರದು ಹೆಚ್ಚು ದುಬಾರಿಯಾದ ಸೋಲು. ಈ ಬಾರಿ ಪೊಟರೆಯನ್ನು ಬಿಟ್ಟು ಕೊಕ್ಕು ಮತ್ತು ರೆಕ್ಕೆ ಮಾತ್ರ ಸಾಕೆಂದುಕೊಂಡೆ. ಮೊದಲು ಥರ್ಮಾಕೋಲಿನಲ್ಲಿ ಕೊರೆದ ಕೊಕ್ಕು, ಅಭ್ಯಾಸಕ್ಕೆಂದು ಶಾಲೆಗೆ ಒಯ್ಯುವಾಗ ಬಸ್ಸಿನ ಬಾಗಿಲಿಗೆ ತಗುಲಿ ಎರಡಾಯಿತು. ಅನಂತರ ಹಾಳೆಯ ಕೊಕ್ಕಿಗೆ ಕಾಗದದ ಮುದ್ದೆಯನ್ನು ಮೈದಾ ಅಂಟಿನಲ್ಲಿ ಕಲಸಿ ಮೆತ್ತಿದೆ. ನುಣುಪಾಗಿ ಬರಲೆಂದು ಹಾಳೆಯ ಒಳಮೈಯನ್ನು ಹೊರಗೆ ಮಾಡಿದ್ದು ನನ್ನ ದೊಡ್ಡ ತಪ್ಪು. ಆ ಹೊಳಪಿನ ಮೈಗೆ ಮುದ್ದೆ ಹಿಡಿಯುವುದೇ ಇಲ್ಲ; ಒಣಗಿದ ಮೇಲೆ ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಎದ್ದುಬಂದಿತು. ಉಳಿದದ್ದಕ್ಕೆ ಬೂಷ್ಟು ಹಿಡಿಯಿತು. ಬೂಷ್ಟನ್ನು ಒರೆಸಿ ಬಣ್ಣ ಹಚ್ಚಿಟ್ಟ ರಾತ್ರಿಯೇ ಜಿರಲೆಗಳು ಮೈದಾದ ಆಸೆಗೆ ಕೊಕ್ಕಿನ ತುದಿಯನ್ನು ತಿಂದು ಮುಗಿಸಿದವು. ಅಡಿಕೆಯ ಕೊಳೆ ರೋಗಕ್ಕೆ ಸಿಂಪಡಿಸುವ ಮೈಲುತುತ್ತನ್ನು ಮೈದಾಕ್ಕೆ ಬೆರೆಸುವ ಯೋಚನೆಯೂ ಬಂದಿತ್ತು. ಮಗುವಿನ ಹಣೆಗೆ ಕಟ್ಟುವ ವಸ್ತುವಿಗೆ ಕೊಳೆ ಔಷಧಿಯೇ ಎಂದು ಹೆಂಡತಿ ಗದರಿದ್ದರಿಂದ ಕೈಬಿಟ್ಟೆ, ಅವಳು ಹೇಳಿದ್ದೇ ಸರಿ. ಥರ್ಮಾಕೋಲು, ಅಂಗಡಿಯ ಅಂಟು, ಆಕ್ರಿಲಿಕ್ ಬಣ್ಣ, ಕಣ್ಣಿಗೆಂದು ತಂದ ಎರಡು ಪುಟ್ಟ ದೀಪಗಳು ಎಲ್ಲ ಸೇರಿ ಒಂಬೈನೂರರ ಮೇಲೆ ಕೈಬಿಟ್ಟಿತು. ಮಗಳು ಆ ವರ್ಷ ಛದ್ಮವೇಷವನ್ನು ಬಿಟ್ಟು ಕಥೆ ಹೇಳುವುದರಲ್ಲಿ ಭಾಗವಹಿಸಿದಳು. ಹೆಂಡತಿಯ ಅಣ್ಣನಂತೂ, “ಭಾವಾ, ನಾನ್ನೂರು ರೂಪಾಯಿ ಕೊಟ್ರೆ ಮುಗ್ದೋಗ್ತು, ಇದೆಲ್ಲ ಎಂತಕ್ಕೆ?” ಎಂದು ಊಟದ ಪಂಕ್ತಿಯಲ್ಲಿಯೇ ಕೇಳಿದ.

ದಾರಿ ತೋರಿಸಿದ್ದು ಆಯಿ, ಅಂದರೆ ನನ್ನ ಅಮ್ಮ. ನಮ್ಮ ಅಟ್ಟದ ಮೇಲೆ ಅವಳ ಅತ್ತೆಯ ಕಾಲದ ಒಂದು ಬುಟ್ಟಿಯಿದೆ. ಕಾಗದವನ್ನು ನೆನೆಸಿ ಕುಟ್ಟಿ, ಅರೆದ ಮೆಂತ್ಯದೊಂದಿಗೆ ಕಲಸಿ ಮೆತ್ತಿದ ಬುಟ್ಟಿ. ಅದನ್ನು ಕೆಳಗಿಳಿಸಿ ನನ್ನ ಮುಂದಿಟ್ಟು, ಇಷ್ಟು ವರ್ಷದಲ್ಲಿ ಇದಕ್ಕೆ ಯಾವ ಹುಳ ಬಾಯಿ ಹಾಕಿದೆ ನೋಡು ಎಂದಳು. ಮೆಂತ್ಯದ ಲೋಳೆ ಅಂಟಾಗುತ್ತದೆ, ಅದರ ಕಹಿ ಕಾವಲಾಗುತ್ತದೆ. ಎರಡು ವರ್ಷ ನಾನು ಪೇಟೆಯ ಅಂಗಡಿಗಳನ್ನು ಸುತ್ತುತ್ತಿದ್ದಾಗ ಆ ಬುಟ್ಟಿ ನನ್ನ ತಲೆಯ ಮೇಲೆಯೇ ಇತ್ತು.

ಕೆಲಸ ಆರಂಭವಾಗಬೇಕಾದದ್ದು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ. ಪ್ರತಿಭಾ ಕಾರಂಜಿಯ ಸುತ್ತೋಲೆ ಬರುವ ಹೊತ್ತಿಗೆ ತೋಟದಲ್ಲಿ ಸಿಗುವ ಹಾಳೆಗಳೆಲ್ಲ ಕೊಳೆತಿರುತ್ತವೆ. ಆದ್ದರಿಂದ 2018ರ ಮಾರ್ಚಿನಲ್ಲಿಯೇ ಅಗಲವಾದ, ಕಲೆಯಿಲ್ಲದ ಹತ್ತು ಹಾಳೆಗಳನ್ನು ಆರಿಸಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟೆ. ಜುಲೈ ಕೊನೆಯಲ್ಲಿ ಎರಡನ್ನು ಒಂದು ರಾತ್ರಿ ನೆನೆಸಿ, ಬಾಗಿದ ಕತ್ತಿಯ ಆಕಾರದಲ್ಲಿ ಎರಡು ಹೋಳುಗಳನ್ನು ಕತ್ತರಿಸಿ, ಈ ಬಾರಿ ಒರಟು ಮೈಯನ್ನು ಹೊರಗೆ ಮಾಡಿ, ಬೆನ್ನಿನ ಉದ್ದಕ್ಕೂ ದಬ್ಬಣದಿಂದ ಹೊಲಿದೆ. ಸುರುಳಿಯ ಸಮಸ್ಯೆಗೆ ಪರಿಹಾರವಾದದ್ದು ಮರಳು. ಕೊಕ್ಕಿನೊಳಗೆ ಒಣ ಮರಳನ್ನು ಗಟ್ಟಿಯಾಗಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಕಾವಿಗೆ ಐದಾರು ದಿನ ಇಟ್ಟರೆ ಹಾಳೆ ಒಳಕ್ಕೆ ಸುರುಳಿಕೊಳ್ಳಲು ಜಾಗವಿಲ್ಲದೆ ಹಾಗೆಯೇ ನಿಲ್ಲುತ್ತದೆ. ಮರಳನ್ನು ಸುರಿದ ಮೇಲೆ ಬೆರಳಿನಿಂದ ತಟ್ಟಿದರೆ ಒಣ ಸೋರೆಬುರುಡೆಯ ಸದ್ದು ಬರಬೇಕು, ಅಲ್ಲಿಯವರೆಗೆ ಮುದ್ದೆ ಮೆತ್ತಬಾರದು. ಮುದ್ದೆಗೆ ಮೂರು ದಿನ ನೆನೆಸಿದ ಹಳೆಯ ಪತ್ರಿಕೆ, ಅದನ್ನು ಒರಳಿನಲ್ಲಿ ಕುಟ್ಟಿ ಹಿಂಡಿದ್ದು ಒಂದು ಕಿಲೋ ಇದ್ದರೆ ಸುಮಾರು ಒಂದು ಹಿಡಿ ಮೆಂತ್ಯ. ದೋಸೆಯ ದಪ್ಪಕ್ಕಿಂತ ಹೆಚ್ಚು ಮೆತ್ತಿದರೆ ಒಳಗೆ ಹಸಿ ಉಳಿದು ಬೂಷ್ಟು ಬರುತ್ತದೆ. ತೆಳುವಾಗಿ ಮೂರು ಸಲ, ಒಂದೊಂದಕ್ಕೂ ಎರಡು ದಿನದ ಅಂತರದಲ್ಲಿ. ಕೊನೆಯ ಪದರ ಒಣಗಿದ ಮೇಲೆ ನೀರು ತಾಗದಂತೆ ಒಂದು ವಸ್ತುವನ್ನು ಉಜ್ಜಿದ್ದೇನೆ. ಅದು ಏನೆಂಬುದನ್ನು ಸದ್ಯಕ್ಕೆ ಹೇಳಲಾರೆ, ಏಕೆಂದರೆ ತಂಗಿಯ ಮಗ ಈ ವರ್ಷ ಮೂರನೆಯ ತರಗತಿಯಲ್ಲಿದ್ದಾನೆ.

ಬಣ್ಣದಲ್ಲಿ ನಾನು ಸ್ವಲ್ಪ ದಾರಿ ತಪ್ಪಿ ಸುತ್ತಾಡಿದ್ದೂ ಉಂಟು, ಆದರೆ ನಷ್ಟವಾಗಲಿಲ್ಲ. ಕೊಕ್ಕಿನ ಹಳದಿಗೆ ಅರಿಸಿನವನ್ನೇ ಬಳಸಿದೆ. ಬಿಸಿಲಿಗೆ ಅದು ಮಾಸುತ್ತದೆ, ಆದರೆ ಮಳೆಗಾಲದಲ್ಲಿ ಬಿಸಿಲೆಲ್ಲಿ? ತುದಿಯ ಕೆಂಪಿಗೆ ಅದಕ್ಕೇ ಚಿಟಿಕೆ ಸುಣ್ಣ ಸಾಕಾಯಿತು. ರೆಕ್ಕೆಯ ಕಪ್ಪಿಗೆ ಇದ್ದಿಲು ಹಚ್ಚಿ ನೋಡಿದರೆ ಮಗಳ ಸಮವಸ್ತ್ರವೂ ಕಪ್ಪಾಯಿತು. ಆಗ ಹೊಳೆದದ್ದು ಚೊಗರು, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ. ಹಿಂದಿನ ವರ್ಷ ಅಡಿಕೆ ಬೇಯಿಸಿದಾಗ ಬಾಟಲಿಯಲ್ಲಿ ತೆಗೆದಿಟ್ಟಿದ್ದ ಚೊಗರಿಗೆ, ತುಕ್ಕು ಹಿಡಿದ ಮೊಳೆಗಳನ್ನು ಹುಳಿ ಮಜ್ಜಿಗೆಯಲ್ಲಿ ನಾಲ್ಕು ದಿನ ಇಟ್ಟ ನೀರನ್ನು ಬೆರೆಸಿದಾಗ, ಕೆಂಪು ದ್ರವ ಕಣ್ಣೆದುರಿಗೇ ಮಸಿಯಂತೆ ಕಪ್ಪಾಯಿತು. ಒಣಗಿದ ಮೇಲೆ ಕೈಗೂ ಹತ್ತುವುದಿಲ್ಲ, ಬಟ್ಟೆಗೂ ಹತ್ತುವುದಿಲ್ಲ. ಈ ಕಪ್ಪನ್ನು ನೋಡಿದ ಶಾಲೆಯ ಅಕ್ಕೋರು (ಶಿಕ್ಷಕಿ) ಚಿಕ್ಕ ತರಗತಿಗಳ ನಲಿಕಲಿ ಕೋಣೆಯ ಹಲಗೆಗೂ ಒಂದು ಬಾಟಲಿ ಕೇಳಿದರು, ಕೊಟ್ಟೆ. ಹಲಗೆಯ ಮೇಲೆ ಅದು ಅಷ್ಟೇನೂ ಚೆನ್ನಾಗಿ ಕೂರಲಿಲ್ಲ.

ಕೊಕ್ಕನ್ನು ಮುಖದ ಮೇಲೆ ಕಟ್ಟಲಿಲ್ಲ. ತೋಟಕ್ಕೆ ಹೋಗುವಾಗ ಹಾಕುವ ಹಾಳೆ ಟೊಪ್ಪಿಯನ್ನು ಮಗಳ ತಲೆಯ ಅಳತೆಗೆ ಮಾಡಿ, ಕೊಕ್ಕನ್ನು ಅದರ ಮುಂಭಾಗಕ್ಕೆ ಹೊಲಿದೆ. ಹೀಗಾಗಿ ಕೊಕ್ಕು ಹಣೆಯ ಮೇಲೆ, ಪೂರ್ಣ ಮುಖ ಕೆಳಗೆ. ಎಲ್ಲ ಸೇರಿ ತೂಕ ಮುನ್ನೂರೈವತ್ತು ಗ್ರಾಮಿನ ಆಸುಪಾಸು. ಮುಂದಕ್ಕೆ ಜೋಲದಿರಲೆಂದು ಹಿಂಭಾಗದ ಹೊಲಿಗೆಯೊಳಗೆ ನಾಲ್ಕು ಹುಣಸೆ ಬೀಜದ ಪೊಟ್ಟಣಗಳನ್ನು ಸೇರಿಸಿದೆ. ಹೆಣ್ಣಿನ ಕಣ್ಣು ಬಿಳಿ, ಗಂಡಿನದು ಕೆಂಪು. ಇದನ್ನು ಗಮನಿಸಿ ಬಿಳಿಯ ಕಣ್ಣನ್ನೇ ಬರೆದಿದ್ದೆ, ತೀರ್ಪುಗಾರರಲ್ಲಿ ಯಾರಾದರೂ ಕೇಳಿಯಾರೆಂದು ಮಗಳಿಗೆ ಉತ್ತರವನ್ನೂ ಕಲಿಸಿದ್ದೆ. ಯಾರೂ ಕೇಳಲಿಲ್ಲ. ಪೊಟರೆಯನ್ನು ಪೂರ್ತಿ ಬಿಡುವುದಕ್ಕೆ ಮನಸ್ಸಾಗದೆ, ಒಂದೇ ಹಾಳೆಯಲ್ಲಿ ಸೀಳನ್ನು ಕೊರೆದು ಅವಳ ಕೈಗೆ ಕೊಟ್ಟೆ. ಮಾತಿನ ಮೊದಲ ಅರ್ಧದಲ್ಲಿ ಅದನ್ನು ಮುಖದ ಮುಂದೆ ಹಿಡಿದು ಸೀಳಿನಿಂದ ಮಾತನಾಡಿ, ಮರಿ ದೊಡ್ಡದಾಯಿತು ಎನ್ನುವಾಗ ಅದನ್ನು ಸರ್ರನೆ ಕೆಳಗಿಳಿಸುವುದು. ಆ ಗಳಿಗೆಯಲ್ಲಿ ಸಭೆಯಲ್ಲಿ ಎದ್ದ ಸದ್ದು ನನಗೆ ಇನ್ನೂ ಕಿವಿಯಲ್ಲಿದೆ. ಜಿಲ್ಲಾ ಮಟ್ಟದಲ್ಲಿ ಸ್ಥಾನ ಬರಲಿಲ್ಲ; ಬಸ್ಸಿನಲ್ಲಿ ಎರಡು ಸಲ ವಾಂತಿಯಾಗಿದ್ದ ಮಗು ಹಾಳೆಯನ್ನು ಇಳಿಸುವುದನ್ನೇ ಮರೆತು ಕೊನೆಯವರೆಗೂ ಪೊಟರೆಯೊಳಗೇ ಉಳಿದಳು.

ಆ ವರ್ಷದ ಖರ್ಚೆಂದರೆ ಮೆಂತ್ಯಕ್ಕೆ ಇಪ್ಪತ್ತು, ದಾರ ಮತ್ತು ಕಪ್ಪು ಅಸ್ತರಿನ ಬಟ್ಟೆಗೆ ನೂರರ ಸುಮಾರು, ಒಟ್ಟು ನೂರನಾಲ್ವತ್ತನ್ನು ದಾಟಿರಲಿಕ್ಕಿಲ್ಲ. ನಾಲ್ಕು ವಾರಗಳ ಸಂಜೆಗಳನ್ನು ಲೆಕ್ಕಕ್ಕೆ ಹಿಡಿದರೆ ಭಾವನ ಮಾತೇ ಗೆಲ್ಲುತ್ತದೆ, ಆದ್ದರಿಂದ ಹಿಡಿಯುವುದಿಲ್ಲ. ಉಳಿದ ಹಾಳೆಗಳಲ್ಲಿ ಮಕ್ಕಳೇ ಮಾಡಿದ ಪುಟ್ಟ ಟೊಪ್ಪಿಗಳು ಶಾಲೆಯ ಮಕ್ಕಳ ಸಂತೆಯಲ್ಲಿ ಹತ್ತು ರೂಪಾಯಿಗೊಂದರಂತೆ ಹದಿನಾರು ಮಾರಾಟವಾದವು. ಬಸಳೆ, ಬದನೆಗಳನ್ನು ತಂದಿದ್ದ ಮಕ್ಕಳು ಕೊನೆಗೆ ಅಕ್ಕೋರಿಗೇ ಕೊಟ್ಟುಹೋಗಬೇಕಾಯಿತು. ನಿಜ ಹೇಳಬೇಕೆಂದರೆ, ಆ ಹದಿನಾರರಲ್ಲಿ ಐದನ್ನು ಕೊಂಡವರು ನಮ್ಮ ಮನೆಯವರೇ.

2019ರಲ್ಲಿ ಎರಡನೆಯ ತರಗತಿಯ ಮಗನಿಗೆ ಚಿಪ್ಪುಹಂದಿ ಮಾಡಿದೆ. ಇನ್ನೂರರಷ್ಟು ಚಿಪ್ಪುಗಳನ್ನು ಹಾಳೆಯಲ್ಲಿ ಕತ್ತರಿಸಿ, ಹಳೆಯ ಕಂಬಳಿಯ ಮೇಲೆ ಬಾಲದಿಂದ ತಲೆಯ ಕಡೆಗೆ, ಹಂಚು ಹೊದಿಸುವ ಕ್ರಮದಲ್ಲಿ ಹೊಲಿದದ್ದು. ಅವನು ವೇದಿಕೆಯ ಮೇಲೆ ಉಂಡೆಯಾಗಿ ಸುತ್ತಿಕೊಳ್ಳುವವರೆಗೆ ಎಲ್ಲವೂ ಅಂದುಕೊಂಡಂತೆ ನಡೆಯಿತು, ಬಿಚ್ಚಿಕೊಂಡು ಏಳಲು ಮಾತ್ರ ಆಗಲಿಲ್ಲ. ಇಬ್ಬರು ಮಾಸ್ತರರು ಎತ್ತಿ ನಿಲ್ಲಿಸಿದರು, ಆದರೂ ಕ್ಲಸ್ಟರಿನಲ್ಲಿ ಎರಡನೆಯ ಸ್ಥಾನ ಬಂದಿತು. ಅದೇ ದಿನ ಅವನು ಮಣ್ಣಿನ ಮಾದರಿ ಮಾಡುವ ಸ್ಪರ್ಧೆಯಲ್ಲಿಯೂ ಇದ್ದ. ಹುತ್ತದ ಮಣ್ಣಿಗೆ ಹತ್ತಿಯನ್ನು ಬಿಡಿಸಿ ಹಾಕಿ ಕುಟ್ಟಿದರೆ ಬಿರುಕು ಬರುವುದಿಲ್ಲವೆಂಬುದನ್ನು ಮನೆಯಲ್ಲಿ ಐದು ಮಣ್ಣಿನ ಎಮ್ಮೆಗಳ ಮೇಲೆ ಪರೀಕ್ಷಿಸಿದ್ದೆ. ಸ್ಪರ್ಧೆಯಲ್ಲಿ ಮಣ್ಣನ್ನು ಅಲ್ಲಿಯೇ ಕೊಡುತ್ತಾರೆಂಬುದು ನನಗೆ ಅಲ್ಲಿಗೆ ಹೋದ ಮೇಲೆ ತಿಳಿಯಿತು.

ಮರುವರ್ಷ ಕೊರೊನಾದಿಂದ ಶಾಲೆಯೇ ಮುಚ್ಚಿತು, ಚಿಪ್ಪುಹಂದಿಯ ಕಂಬಳಿ ನಾಯಿಗೆ ಹೋಯಿತು. ಮಂಗಟ್ಟೆಯ ಕೊಕ್ಕು ಈಗಲೂ ಬಚ್ಚಲ ಅಟ್ಟದ ಮೇಲೆ, ಆಯಿಯ ಅತ್ತೆಯ ಬುಟ್ಟಿಯೊಳಗೆ ಇದೆ. ಹೊಗೆ ಹಿಡಿದು ಹಳದಿಯೆಲ್ಲ ಕಂದಾಗಿದ್ದರೂ ಹುಳ ಮುಟ್ಟಿಲ್ಲ. ಮೊನ್ನೆ ತಂಗಿಯ ಮಗನ ತಲೆಗೆ ಇಟ್ಟು ನೋಡಿದೆವು. ಟೊಪ್ಪಿ ಅವನಿಗೆ ಒಂದು ಬೆರಳು ಸಡಿಲ.